ಎದುರೆಣಿಕೆಗೆ ಒಬ್ಬರು ಬೇಕು

ಆ ಆಸ್ಪತ್ರೆಯ ಲಿಫ್ಟಿನಲ್ಲಿ ನೆಲಮಾಳಿಗೆಯ ಗುಂಡಿ ಒತ್ತುವವರು ಕಡಿಮೆ. ಕೆಳಗಿಳಿದರೆ ಎಡಕ್ಕೆ ಶವಾಗಾರ, ಬಲಕ್ಕೆ ಬಟ್ಟೆ ಒಗೆಯುವ ವಿಭಾಗ, ನೇರ ಹೋದರೆ ಉಪಕರಣಗಳ ಕೋಣೆ. ಮೇಲಿನ ಆರು ಥಿಯೇಟರುಗಳಲ್ಲಿ ಯಾರ ಹೊಟ್ಟೆ ಕೊಯ್ದರೂ, ಯಾರ ಮೂಳೆ ಕೂಡಿಸಿದರೂ, ರಕ್ತ ಮೆತ್ತಿದ ಕತ್ತರಿ, ಚಿಮಟ, ರಕ್ತನಾಳ ಹಿಡಿದಿಡುವ ಕ್ಲ್ಯಾಂಪುಗಳೆಲ್ಲ ಈ ಕೋಣೆಗೇ ಇಳಿದುಬರುತ್ತವೆ. ತೊಳೆದು, ಒಣಗಿಸಿ, ಎಣಿಸಿ, ಟ್ರೇಗೆ ಜೋಡಿಸಿ, ಎರಡು ಪದರ ಬಟ್ಟೆಯಲ್ಲಿ ಕಟ್ಟಿ, ಹಬೆಯ ಯಂತ್ರಕ್ಕೆ ಕೊಟ್ಟ ಮೇಲೆ ಅವು ಮತ್ತೆ ಮೇಲಕ್ಕೆ ಹೋಗುತ್ತವೆ. ಕಿಟಕಿ ಇಲ್ಲದ ಕೋಣೆ. ಹೊರಗೆ ಬಿಸಿಲೋ ಮಳೆಯೋ ತಿಳಿಯಬೇಕಾದರೆ ಒಳಗೆ ಬಂದವರ ಚಪ್ಪಲಿ ನೋಡಬೇಕು.

ಹತ್ತೊಂಬತ್ತು ವರ್ಷದಿಂದ ಅಲ್ಲಿ ಟ್ರೇ ಕಟ್ಟುತ್ತಿರುವವಳನ್ನು ಇಡೀ ಆಸ್ಪತ್ರೆ 'ಎಣಿಕೆ ಅಕ್ಕ' ಎಂದು ಕರೆಯುತ್ತದೆ. ಬಸ್ಸಿನ ಮೆಟ್ಟಿಲು, ಗಂಡನ ಅಂಗಿಯ ಗುಂಡಿ, ಮದುವೆ ಮನೆಯ ಕುರ್ಚಿಯ ಸಾಲು, ಯಾವುದು ಕಣ್ಣಿಗೆ ಬಿದ್ದರೂ ತುಟಿ ತಾನಾಗಿ ಅಲ್ಲಾಡುತ್ತದೆ. ಹೆಸರಿಟ್ಟವಳು ದೊಡ್ಡಮ್ಮ. ಹದಿನೈದು ವರ್ಷ ಮೇಜಿನ ಆಚೆ ಬದಿಗೆ ನಿಂತಿದ್ದ ಹಿರಿಯ ಜೊತೆಗಾತಿ.

ಆಚೆ ಬದಿಗೆ ನಿಲ್ಲುವುದೂ ಅಲ್ಲಿ ಒಂದು ಕೆಲಸವೇ. ಆ ಕೋಣೆಯಲ್ಲಿ ಒಬ್ಬರೇ ಎಣಿಸುವ ಪದ್ಧತಿ ಇಲ್ಲ. ಈಚೆಯವಳು ಕ್ಲ್ಯಾಂಪನ್ನು ಎತ್ತಿ "ಒಂದು" ಎಂದು ಟ್ರೇಗೆ ಇಡಬೇಕು. ಆಚೆಯವಳು ಅದೇ ಕ್ಲ್ಯಾಂಪನ್ನು ಬೆರಳಿನಿಂದ ಮುಟ್ಟಿ "ಒಂದು" ಎನ್ನಬೇಕು. ಆಮೇಲಷ್ಟೇ ಎರಡು. ಇದಕ್ಕೆ ಅವರು ಎದುರೆಣಿಕೆ ಎನ್ನುತ್ತಾರೆ. ಟ್ರೇಯೊಳಗೆ ಇಡುವ ಚೀಟಿಯಲ್ಲೂ ಎರಡು ಚೌಕ. ಒಂದರಲ್ಲಿ 'ಎಣಿಸಿದವರು', ಇನ್ನೊಂದರಲ್ಲಿ 'ಒಪ್ಪಿದವರು'. ಎರಡೂ ಸಹಿ ಇಲ್ಲದ ಟ್ರೇ ಮೇಲಿನ ಬಾಗಿಲು ದಾಟುವಂತಿಲ್ಲ. ಯಾಕೆ ಎಂದು ಹೊಸಬರು ಕೇಳಿದರೆ ದೊಡ್ಡಮ್ಮ ಹೇಳುತ್ತಿದ್ದಳು: "ಒಳಗೆ ಹೋದದ್ದು ಎಷ್ಟು ಅಂತ ಗೊತ್ತಿದ್ರೆ ತಾನೇ, ಹೊರಗೆ ಬಂದದ್ದು ಎಷ್ಟು ಅಂತ ಲೆಕ್ಕ? ಇಲ್ದಿದ್ರೆ ಯಾರದೋ ಹೊಟ್ಟೇಲಿ ಕತ್ತರಿ ಮನೆ ಮಾಡ್ಕೊಂಡಿರುತ್ತೆ."

ದೊಡ್ಡಮ್ಮನಿಗೆ ವಯಸ್ಸಾಯಿತು, ನಿವೃತ್ತಿಯಾಯಿತು. ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅವಳ ಜಾಗಕ್ಕೆ ಯಾರನ್ನೂ ಕಳಿಸಲಿಲ್ಲ.

ಮೊದಲ ದಿನ ಎಣಿಕೆ ಅಕ್ಕ ಎರಡನೆಯ ಚೌಕವನ್ನು ಖಾಲಿ ಬಿಟ್ಟು ಮೂರು ಟ್ರೇ ಕಳಿಸಿದಳು. ಮೂರೂ ವಾಪಸು ಬಂದವು. ಇನ್‌ಚಾರ್ಜ್ ಸಿಸ್ಟರ್ ಆಡಳಿತದ ಮ್ಯಾನೇಜರಿಗೆ ಫೋನ್ ಮಾಡಿದರು. ಎರಡು ಮಾತಾಡಿ, ಮುಖ ಸಣ್ಣದು ಮಾಡಿಕೊಂಡು, ಫೋನನ್ನು ಎಣಿಕೆ ಅಕ್ಕನ ಕೈಗೇ ಕೊಟ್ಟರು.

"ಅದೇನಮ್ಮ, ಒಂದು ಸಹಿಗೆ ಇಷ್ಟೊಂದು ರಾದ್ಧಾಂತ?" ಎಂದಿತು ಫೋನು. "ಹತ್ತೊಂಬತ್ತು ವರ್ಷದ ಅನುಭವ ನಿಮ್ದು. ಎರಡೂ ಕಡೆ ನೀವೇ ಹಾಕಿ ಕಳ್ಸಿ. ಜನ ಬರ್ತಾರೆ, ಸ್ವಲ್ಪ ದಿನ."

ಆ ಸ್ವಲ್ಪ ದಿನಕ್ಕೆ ನಾಲ್ಕು ತಿಂಗಳಾಯಿತು. ಸಿಸ್ಟರ್ ತಿಂಗಳಿಗೊಂದರಂತೆ ನಾಲ್ಕು ಪತ್ರ ಬರೆದರು. ಎಣಿಕೆ ಅಕ್ಕ ದಿನಕ್ಕೆ ಮೂವತ್ತೆಂಟು ಟ್ರೇ ಒಬ್ಬಳೇ ಕಟ್ಟಿದಳು, ಎರಡೂ ಚೌಕದಲ್ಲಿ ಒಂದೇ ಸಹಿ, ಒಂದೇ ಪೆನ್ನು. ಯಾರೂ ಕೇಳಲಿಲ್ಲ. ಚೌಕ ತುಂಬಿದ್ದರೆ ಸಾಕಿತ್ತು.

ಎದುರೆಣಿಕೆಯನ್ನಂತೂ ಅವಳು ಬಿಡಲಿಲ್ಲ. ತಾನೇ "ಒಂದು" ಎಂದು ಇಟ್ಟು, ಆಮೇಲೆ ದೊಡ್ಡಮ್ಮನ ಗೊಗ್ಗರು ದನಿಯಲ್ಲಿ ತಾನೇ "ಒಂದು" ಎನ್ನುವಳು. ಹಬೆ ಯಂತ್ರ ನಡೆಸುವವನನ್ನು ಎಲ್ಲರೂ ಹಬೆಯಣ್ಣ ಎನ್ನುತ್ತಾರೆ. ಗುತ್ತಿಗೆಯವರ ಕಡೆಯ ಆಳು, ಉಪಕರಣ ಮುಟ್ಟುವಂತಿಲ್ಲ. ಅವನು ಬಾಗಿಲಲ್ಲಿ ನಿಂತು ಕೈಮುಗಿದಿದ್ದ.

"ಅಕ್ಕಾ, ಪಕ್ಕದಲ್ಲೇ ಶವಾಗಾರ ಇದೆ. ಇಲ್ಲದೋರ ದನಿ ತೆಗೀಬೇಡಿ. ನನ್ ಎದೆ ಅಷ್ಟೊಂದು ಗಟ್ಟಿ ಇಲ್ಲ."

"ದೊಡ್ಡಮ್ಮ ಸತ್ತಿಲ್ಲ ಕಣೋ. ಆರಾಮಾಗಿ ಗಡಿಯಾರ ನೋಡ್ಕೊಂಡು ಕೂತಿದ್ದಾಳೆ."

"ಇಲ್ಲಿ ಸಾಯ್ತಿರೋದು ನೀವೊಬ್ರೇ ಅನ್ನಿ."

ಹೀಗಿರುವಾಗ ಒಂದು ಮಂಗಳವಾರ ನಡೆದದ್ದು ಇಷ್ಟು. ಎರಡನೇ ಥಿಯೇಟರಿಗೆ ಹೋದ ಟ್ರೇಯಲ್ಲಿ ಹನ್ನೆರಡು ಬಾಗು ಕ್ಲ್ಯಾಂಪು ಇರಬೇಕಿತ್ತು, ಹನ್ನೊಂದು ಇತ್ತು. ಶುರು ಮಾಡುವ ಮುಂಚೆ ಅಲ್ಲಿಯ ನರ್ಸುಗಳು ಇನ್ನೊಮ್ಮೆ ಎಣಿಸುತ್ತಾರೆ, ಅಲ್ಲಿ ಗೊತ್ತಾಯಿತು. ರೋಗಿಯನ್ನು ಮೇಜಿನ ಮೇಲೆ ಮಲಗಿಸಿ ಆಗಿತ್ತು, ಅರಿವಳಿಕೆ ಕೊಟ್ಟಿರಲಿಲ್ಲ. ಬೇರೆ ಟ್ರೇ ಬರುವವರೆಗೆ ಮೂವತ್ತೈದು ನಿಮಿಷ ಆ ಮನುಷ್ಯ ಹಸಿರು ಹೊದಿಕೆಯಡಿ ಮಲಗಿ ದೀಪ ನೋಡುತ್ತಿದ್ದ. ಕಾಣೆಯಾಗಿದ್ದ ಕ್ಲ್ಯಾಂಪು ತೊಳೆಯುವ ತೊಟ್ಟಿಯ ಜಾಲರಿಯಡಿ ಸಿಕ್ಕಿತು. ಯಾರಿಗೂ ಏನೂ ಆಗಲಿಲ್ಲ.

"ನಂದೇ ತಪ್ಪು ಸಿಸ್ಟರ್," ಎಂದಳು ಎಣಿಕೆ ಅಕ್ಕ, ಯಾರೂ ಕೇಳುವ ಮುಂಚೆ.

ಅವಳ ಕೋಪದ ಮೊದಲ ಪಾಲು ಬಿದ್ದದ್ದು ಅವಳ ಮೇಲೆಯೇ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಆ ಟ್ರೇಯನ್ನು ಮನಸ್ಸಿನಲ್ಲಿ ಮತ್ತೆ ಬಿಚ್ಚಿ ಕಟ್ಟಿದಳು. ಎಲ್ಲಿ ಜಾರಿದೆ ಎಂದು ಮನೆ ಸೇರುವ ಮುಂಚೆಯೇ ಹೊಳೆಯಿತು. ದೊಡ್ಡಮ್ಮ ಕ್ಲ್ಯಾಂಪು ಮುಟ್ಟಿ "ಹನ್ನೊಂದು" ಎನ್ನುತ್ತಿದ್ದಳು. ಇವಳ ಎರಡನೆಯ ದನಿ ಕ್ಲ್ಯಾಂಪು ಮುಟ್ಟುತ್ತಿರಲಿಲ್ಲ, ಮೊದಲ ದನಿಯನ್ನು ಕೇಳಿ ಹಿಂದಿರುಗಿಸುತ್ತಿತ್ತು. ದೊಡ್ಡಮ್ಮನದು ಬೆರಳ ಎಣಿಕೆ, ಇದು ಕಿವಿಯ ಎಣಿಕೆ. ತಾನು ಹೇಳಿದ ಸುಳ್ಳಿಗೆ ತಾನೇ ಹೌದೌದು ಎಂದಿದ್ದಳು. ಒಬ್ಬಳೇ ಇರುವವರೆಗೂ ಇದು ಇನ್ನೊಂದು ದಿನ ಆಗಿಯೇ ಆಗುತ್ತದೆ, ಎಷ್ಟೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡರೂ.

ಗುರುವಾರ ಮಧ್ಯಾಹ್ನ ಮ್ಯಾನೇಜರ್ ಕರೆಸಿದರು. ಅವರು ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಕತ್ತು ಹಿಸುಕುವ ಕೆಲಸವನ್ನೂ ಬೆನ್ನು ಸವರುವ ದನಿಯಲ್ಲಿ ಮಾಡುತ್ತಾರೆ ಎಂದು ಆಸ್ಪತ್ರೆಯಲ್ಲಿ ಹೆಸರಾದವರು.

"ಕೂತ್ಕೊಳ್ಳಿ ಅಮ್ಮ. ನೀರು ಕುಡೀತೀರಾ?"

"ಬೇಡ ಸಾರ್. ಹನ್ನೊಂದು ಟ್ರೇ ಮೇಜಿನ ಮೇಲಿದೆ."

"ಇದೇ ನೋಡಿ! ಎರಡು ನಿಮಿಷ ನೆಮ್ಮದಿಯಾಗಿ ಕೂರೋಕಾಗ್ತಿಲ್ಲ ನಿಮ್ಗೆ. ಇದನ್ನೇ ಒತ್ತಡ ಅನ್ನೋದು."

ಒಂದು ಹಾಳೆಯನ್ನು ಅವಳ ಕಡೆ ತಿರುಗಿಸಿ ಇಟ್ಟರು. ಮೊದಲೇ ಟೈಪು ಮಾಡಿದ್ದು. 'ವೈಯಕ್ತಿಕ ಕಾರಣಗಳಿಂದ ಉಂಟಾದ ಮಾನಸಿಕ ಒತ್ತಡದಿಂದಾಗಿ ನಾನು ಎಣಿಕೆಯಲ್ಲಿ ತಪ್ಪು ಮಾಡಿರುತ್ತೇನೆ. ಒತ್ತಡ ನಿರ್ವಹಣೆಯ ತರಬೇತಿ ಪಡೆಯಲು ಒಪ್ಪಿರುತ್ತೇನೆ. ಇನ್ನೊಮ್ಮೆ ಇಂಥ ತಪ್ಪಾದಲ್ಲಿ ಕೆಲಸದಿಂದ ತೆಗೆಯುವುದೂ ಸೇರಿದಂತೆ ಆಡಳಿತದ ಕ್ರಮಕ್ಕೆ ಬದ್ಧಳಾಗಿರುತ್ತೇನೆ.' ಕೆಳಗೆ ಸಹಿಗೆ ಗೆರೆ. ಒಂದೇ ಗೆರೆ.

ಅವಳು ಎರಡು ಸಲ ಓದಿದಳು. ಕಿವಿಯ ತುದಿ ಬಿಸಿಯಾಯಿತು.

"ಸಾರ್, ಇನ್ನೊಬ್ರು ಬೇಕು ಅಂತ ಸಿಸ್ಟರ್ ನಾಲ್ಕು ಸಲ ಬರ್ದುಕೊಟ್ಟಿದ್ದಾರೆ."

"ಅದು ಬೇರೆ ವಿಷ್ಯ. ಅದನ್ನೂ ಇದನ್ನೂ ಕಲಸ್ಬೇಡಿ."

"ಅದೇ ವಿಷ್ಯ ಸಾರ್. ಬೇರೆ ಯಾವ್ದೂ ಇಲ್ಲ."

"ನೋಡಿ, ಇದೊಂದು ಸಹಿ ಹಾಕಿದ್ರೆ ಇಲ್ಲಿಗೇ ಮುಗೀತು. ನಾಳೆ ಬೆಳಿಗ್ಗೆ ಮೂರನೇ ಮಹಡೀಲಿ ತರಬೇತಿ ಇದೆ, ಬನ್ನಿ. ಶನಿವಾರ ಕಾಗದ ಕೊಡಿ."

"ಹಾಕದಿದ್ರೆ?"

ಮ್ಯಾನೇಜರ್ ನಿಟ್ಟುಸಿರು ಬಿಟ್ಟರು, ಹಟಮಾರಿ ಮಗುವಿನ ಎದುರು ಬಿಡುವಂಥದ್ದು. "ಹಾಕದಿದ್ರೆ ಸೋಮವಾರದಿಂದ ಬಟ್ಟೆ ಮಡಿಸೋ ಕಡೆ ಹೋಗಿ. ಅಲ್ಲಿ ಈ ತಲೆನೋವೆಲ್ಲ ಇಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ಆಗ ಟ್ರೇ ಯಾರು ಎಣಿಸ್ತಾರೆ?"

"ಅದು ನಮ್ಮ ತಲೆಬಿಸಿ, ಬಿಡಿ."

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಪ್ರನ್ನಿನ ಜೇಬಿಗೆ ಹಾಕಿಕೊಂಡು ಅವಳು ಮೆಟ್ಟಿಲಿಳಿದಳು. ಲಿಫ್ಟಿಗೆ ಕಾಯುವಷ್ಟು ಸಹನೆ ಇರಲಿಲ್ಲ. ಎಂಬತ್ತೆಂಟು ಮೆಟ್ಟಿಲು. ಸಹಿ ಹಾಕಿದರೆ ಸುಳ್ಳು ಕಡತ ಸೇರುತ್ತದೆ, ಒಬ್ಬಳೇ ಎಣಿಸುವುದು ಮುಂದುವರಿಯುತ್ತದೆ, ಮುಂದಿನ ಕ್ಲ್ಯಾಂಪು ಜಾರಿದ ದಿನ ಮನೆಗೆ. ಹಾಕದಿದ್ದರೆ ಹತ್ತೊಂಬತ್ತು ವರ್ಷ ಪಳಗಿದ ಕೈಗೆ ಹಾಸಿಗೆಯ ಚಾದರ. ಎರಡೂ ಕಡೆಯಿಂದ ಬಾಗಿಲು ಮುಚ್ಚಿ, ಯಾವ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತೀರಿ, ಆರಿಸಿಕೊಳ್ಳಿ ಎಂದ ಹಾಗಿತ್ತು.

ಶುಕ್ರವಾರದ ತರಬೇತಿಗೆ ಹದಿನಾಲ್ಕು ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಆಂಬುಲೆನ್ಸಿನ ಡ್ರೈವರ್, ಔಷಧಿ ಕೌಂಟರಿನವರು, ಲಿಫ್ಟಿನವನು, ವಾರ್ಡಿನ ಆಯಾಗಳು, ಎಲ್ಲರೂ ಯಾವುದೋ ಒಂದು ಕಾಗದಕ್ಕೆ ಸಹಿ ಹಾಕಬೇಕಾದವರೇ. ತರಬೇತಿ ಕೊಡಲು ಬಂದವಳು ಮೂವತ್ತರ ಒಳಗಿನ ಹುಡುಗಿ, ನಗುಮುಖದವಳು. ಒಬ್ಬೊಬ್ಬರಿಗೂ ಮೆತ್ತನೆಯ ಹಳದಿ ಚೆಂಡು ಹಂಚಿದಳು. ಅದರ ಮೇಲೆ ನಗುವ ಮುಖ.

"ಸಿಟ್ಟು ಬಂದಾಗ ಇದನ್ನ ಒತ್ತಿ. ಎಲ್ಲ ಇದಕ್ಕೆ ಹೋಗ್ಬಿಡುತ್ತೆ."

"ಮೇಡಂ, ಒಂದು ಕೈಲಿ ಸ್ಟೇರಿಂಗು, ಇನ್ನೊಂದ್ರಲ್ಲಿ ಗೇರು," ಎಂದ ಡ್ರೈವರ್. "ಇದನ್ನ ಕಾಲಲ್ಲಿ ಒತ್ಲಾ?"

ಎಲ್ಲರೂ ನಕ್ಕರು, ಹುಡುಗಿಯೂ ನಕ್ಕಳು. ಆಮೇಲೆ ಕಣ್ಣು ಮುಚ್ಚಲು ಹೇಳಿದಳು. ಒಂದು ಕೆರೆಯನ್ನು ನೆನೆಸಿಕೊಳ್ಳಿ, ನೀರು ಅಲುಗಾಡುತ್ತಿಲ್ಲ ಎಂದಳು. ಎಣಿಕೆ ಅಕ್ಕ ಕಣ್ಣು ಮುಚ್ಚಿದಳು. ಅವಳಿಗೆ ಕಂಡದ್ದು ಕೆಳಗಿನ ತೊಳೆಯುವ ತೊಟ್ಟಿ. ಹತ್ತೂವರೆಯ ಹೊತ್ತು. ಒಂದನೇ ಥಿಯೇಟರಿನಿಂದ ಆರು ಟ್ರೇ ಇಳಿದಿರುತ್ತದೆ, ಹತ್ತು ನಿಮಿಷದಲ್ಲಿ ನಾಲ್ಕನೆಯದರಿಂದ ಐದು. ರಕ್ತ ಒಣಗಿ ಕೀಲುಗಳಲ್ಲಿ ಕೂತರೆ ತಿಕ್ಕಲು ಎರಡು ಪಟ್ಟು ಸಮಯ. ಈ ಹುಡುಗಿ ಕೆರೆ ತೋರಿಸಿದಷ್ಟೂ ಹೊತ್ತು ಅಲ್ಲಿ ಕೆಲಸ ಗಟ್ಟಿಯಾಗುತ್ತಿದೆ.

"ಈಗ ಉಸಿರು ಎಳ್ಕೊಳ್ಳಿ. ನಾಲ್ಕು ಎಣಿಸಿ. ಬಿಡಿ. ನಾಲ್ಕು ಎಣಿಸಿ. ಕೋಪ ಬಂದಾಗ್ಲೆಲ್ಲ ಹತ್ತರವರೆಗೆ ಎಣಿಸಿ ನೋಡಿ, ಇಳಿದುಹೋಗುತ್ತೆ."

"ನಾನು ದಿನಕ್ಕೆ ಒಂದೂವರೆ ಸಾವಿರ ಎಣಿಸ್ತೀನಿ ಮೇಡಂ," ಎಂದಳು ಎಣಿಕೆ ಅಕ್ಕ, ಕಣ್ಣು ತೆರೆಯದೆ. "ಇಳೀಲಿಲ್ಲ."

 ಲಿಫ್ಟಿನವನು ಕಿಸಕ್ಕೆಂದ.

"ಒತ್ತಡ ಹೊರಗಡೆ ಇರಲ್ಲ ಅಕ್ಕ," ಎಂದಳು ಹುಡುಗಿ ಮೃದುವಾಗಿ. "ನಮ್ಮ ಒಳಗಡೇನೇ ಇರೋದು."

"ನಂದು ನೆಲಮಾಳಿಗೇಲಿ ಇದೆ. ಬನ್ನಿ ತೋರಿಸ್ತೀನಿ."

ಮುಗಿದ ಮೇಲೆ ಹುಡುಗಿ ಚೆಂಡುಗಳ ಖಾಲಿ ಚೀಲ ಮಡಿಸುತ್ತ ಅವಳ ಪಕ್ಕ ಬಂದು ನಿಂತಳು. ನಗು ಆಗಲೇ ಕಳಚಿಟ್ಟಿದ್ದಳು. "ಬೇಜಾರು ಮಾಡ್ಕೋಬೇಡಿ ಅಕ್ಕ. ಹೇಳ್ಕೊಟ್ಟಿದ್ದನ್ನ ಹೇಳ್ತೀನಿ ಅಷ್ಟೆ. ಇವತ್ತು ಇನ್ನೂ ಮೂರು ಕಡೆ ಇದೆ ನಂಗೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ಹೋಗಿ ಮೊದ್ಲು ಏನಾದ್ರೂ ತಿನ್ನು ತಾಯಿ," ಎಂದಳು ಎಣಿಕೆ ಅಕ್ಕ. ಅವಳಿಗೆ ಇನ್ನಷ್ಟು ಸಿಟ್ಟು ಬಂತು, ಆದರೆ ಹುಡುಗಿಯ ಮೇಲೆ ಅಲ್ಲ.

ಅವಳ ಮನೆ ಎರಡು ಕೋಣೆಯದು, ಎರಡನೇ ಮಹಡಿಯಲ್ಲಿ. ಗಂಡ ತಗಡು ಒತ್ತುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಪ್ರೆಸ್ಸಿನ ಮುಂದೆ ನಿಂತವನು, ಈಗ ಅಲ್ಲಿಯ ಉಗ್ರಾಣದಲ್ಲಿದ್ದಾನೆ. ಕಿವಿ ಮುಕ್ಕಾಲು ಪಾಲು ಹೋಗಿದೆ. ಹಾಗಾಗಿ ಆ ಮನೆಯಲ್ಲಿ ಪ್ರೀತಿಯೂ ಜಗಳವೂ ಒಂದೇ ಎತ್ತರದಲ್ಲಿ ನಡೆಯುತ್ತವೆ. ಗುಟ್ಟು ಎಂಬ ಪದಾರ್ಥವೇ ಇಲ್ಲ.

ಸಂಜೆ ಊಟದ ಮೇಜಿನ ಮೇಲೆ ಆ ಕಾಗದ ಬಿಚ್ಚಿಕೊಂಡಿತು. ಕಾಲೇಜಿಗೆ ಹೋಗುವ ಮಗಳು ಓದಿದಳು. ಓದುತ್ತ ಓದುತ್ತ ಅವಳ ಹುಬ್ಬು ಗಂಟಾಯಿತು.

"ಅಮ್ಮಾ, ಇಲ್ಲಿ 'ವೈಯಕ್ತಿಕ ಕಾರಣ' ಅಂತಿದೆ. ನಮ್ಮನೇಲಿ ಏನಾಗಿದೆ?"

"ಏನೂ ಆಗಿಲ್ಲ."

"ಮತ್ತೆ? ನಿಂಗೆ ನಮ್ಮಿಂದ ಒತ್ತಡಾನಾ?"

 ನೆಲಮಾಳಿಗೆಯ ಖಾಲಿ ಜಾಗವನ್ನು ಆಡಳಿತದವರು ಎಣಿಕೆ ಅಕ್ಕನ ಮನೆಯೊಳಗೆ ತಂದು ಇಟ್ಟಿದ್ದರು. ತಟ್ಟೆಯ ಮುಂದೆ ಕೂತ ಮಗಳ ಮೇಲೆ, ಕಿವಿ ಕೇಳದ ಗಂಡನ ಮೇಲೆ ಹೊರಿಸಿದ್ದರು. ಆ ಪದ ಓದಿದಾಗ ಮ್ಯಾನೇಜರರ ಕೋಣೆಯಲ್ಲಿ ಕಿವಿಯಷ್ಟೇ ಬಿಸಿಯಾಗಿತ್ತು. ಈಗ ಮೈಯೆಲ್ಲ ಉರಿಯಿತು.

"ಏನಂತೆ?" ಎಂದು ಗಂಡ ಕಿರುಚಿದ.

"ಸಹಿ ಹಾಕ್ಬೇಕಂತೆ!"

"ಯಾವುದಕ್ಕೆ?"

"ನಂಗೆ ತಲೆ ಸರಿ ಇಲ್ಲ ಅನ್ನೋದಕ್ಕೆ!"

ಮೇಲ್ಮನೆಯಾಕೆಯ ಕಿಟಕಿ ಕಿರ್ರೆಂದು ತೆರೆದುಕೊಂಡಿತು. "ಯಾರಿಗ್ರೀ ತಲೆ ಸರಿ ಇಲ್ಲ?"

"ಯಾರಿಗೂ ಇಲ್ಲಾ ರೀ! ನೀವು ಊಟ ಮಾಡಿ!" ಎಂದು ಮಗಳು ಕೂಗಿ ಕಿಟಕಿ ಮುಚ್ಚಿದಳು.

ಅಷ್ಟೂ ಮಾತನ್ನು, ಗುರುವಾರದ್ದನ್ನೂ ಇವತ್ತಿನದ್ದನ್ನೂ, ಎಣಿಕೆ ಅಕ್ಕ ಗಂಡನ ಕಿವಿಗೆ ಕೂಗಿ ಹೇಳಬೇಕಾಯಿತು. ಅವಮಾನವನ್ನು ಕೂಗಿ ಹೇಳುವುದೆಂದರೆ ಎರಡನೇ ಸಲ ಮೈಮೇಲೆ ಎಳೆದುಕೊಂಡ ಹಾಗೆ. ಗಂಡ ಕಾಗದವನ್ನು ತಾನೂ ಓದಿದ, ಬೆರಳಿಟ್ಟುಕೊಂಡು. ಸಹಿ ಹಾಕಿ ಬಿಸಾಕು ಎನ್ನುತ್ತಾನೆಂದು ಅವಳು ಕಾದಳು. ಯಾವುದಕ್ಕೂ ಹಾಗೆ ಅನ್ನುವವನೇ ಅವನು.

ಅವನು ಕಾಗದವನ್ನು ಮೇಜಿನ ಮೇಲಿಟ್ಟು, ಅದು ಹಾರಿಹೋಗದಂತೆ ಲೋಟ ಇಟ್ಟ. ಆಮೇಲೆ ಅವಳು ಎಷ್ಟೋ ವರ್ಷದಿಂದ ಕೇಳದಿದ್ದ ಸಣ್ಣ ದನಿಯಲ್ಲಿ ಮಾತಾಡಿದ.

"ನಾನು ಹಾಕಿದ್ದೆ."

"ಏನು ಹಾಕಿದ್ರಿ?"

ಅವಳು ಕೂಗಿರಲಿಲ್ಲ. ಅವನು ತುಟಿ ನೋಡಿ ತಿಳಿದುಕೊಂಡ. "ಕಿವಿ ಮಂದ ಆಗೋಕೆ ಶುರುವಾದಾಗ ಒಂದು ಕಾಗದ ತಂದಿದ್ರು. ಹುಟ್ಟಿನಿಂದ್ಲೇ ಕಿವಿ ಮಂದ ಅಂತ. ಹಾಕು, ಉಗ್ರಾಣಕ್ಕೆ ಹಾಕ್ತೀವಿ, ತೊಂದ್ರೆ ಇಲ್ಲ ಅಂದ್ರು. ಹಾಕಿದೆ. ಈಗ ನಮ್ಮಮ್ಮ ನನ್ನ ಕಿವುಡಾಗೇ ಹೆತ್ತಿದ್ದು ಅಂತ ಅಲ್ಲಿ ಬರ್ದಿದೆ." ಸ್ವಲ್ಪ ತಡೆದು, "ಆ ಪ್ರೆಸ್ಸಿಗೆ ಇನ್ನೊಬ್ಬನ್ನ ನಿಲ್ಸಿದ್ರು. ಅವನೂ ಈಗ ಕೂಗಾಡ್ತಾನೆ," ಎಂದ.

ಮದುವೆಯಾಗಿ ಇಪ್ಪತ್ತೆರಡು ವರ್ಷ. ಆ ಕಾಗದದ ಸುದ್ದಿ ಅವಳಿಗೆ ಗೊತ್ತೇ ಇರಲಿಲ್ಲ. 

"ಹಾಕ್ಬೇಡ," ಎಂದ ಗಂಡ, ಮತ್ತೆ ಹಳೆಯ ಎತ್ತರದಲ್ಲಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಅವಳು ಕೋಣೆಯಲ್ಲಿದ್ದಳು. ಮೊದಲು ಮಾಡಿದ ಕೆಲಸವೆಂದರೆ ತುರ್ತಿನ ಮೂರು ಟ್ರೇ ತೆರೆದು ಇನ್‌ಚಾರ್ಜ್ ಸಿಸ್ಟರನ್ನು ಕರೆದದ್ದು.

"ಸಿಸ್ಟರ್, ಇಪ್ಪತ್ತೈದು ನಿಮಿಷ ಎದುರೆಣಿಕೆಗೆ ನಿಲ್ಲಿ. ಅಪಘಾತ ಅಂತ ಯಾರಾದ್ರೂ ಬಂದ್ರೆ ಅವ್ರಿಗೆ ಕಾಯೋಕಾಗಲ್ಲ."

ಸಿಸ್ಟರ್ ಅವಳ ಮುಖ ನೋಡಿದರು, ಏನೋ ಇದೆ ಎಂದು ಗೊತ್ತಾಯಿತು, ಕೇಳಲಿಲ್ಲ. ನಿಂತು ಎಣಿಸಿದರು, ಎರಡನೆಯ ಚೌಕದಲ್ಲಿ ತಮ್ಮ ಸಹಿ ಹಾಕಿ ವಾರ್ಡು ನೋಡಲು ಹೋದರು. ಆ ಮೂರು ಟ್ರೇ ಹಬೆಗೆ ಹೋದವು.

ಉಳಿದ ಟ್ರೇಗಳನ್ನು ಎಣಿಕೆ ಅಕ್ಕ ಎಂದಿನಂತೆ ಹರಡಿದಳು, ತೊಳೆದ ಉಪಕರಣಗಳನ್ನು ಸಾಲಾಗಿ ಇಟ್ಟಳು. ಮೊದಲ ಕ್ಲ್ಯಾಂಪು ಎತ್ತಿ "ಒಂದು" ಎಂದಳು, ಕಾದಳು. ಆಚೆ ಬದಿಯಲ್ಲಿ ಯಾರೂ ಇರಲಿಲ್ಲ. ದೊಡ್ಡಮ್ಮನ ದನಿ ತೆಗೆಯಲಿಲ್ಲ. ಕ್ಲ್ಯಾಂಪನ್ನು ಕೆಳಗಿಟ್ಟು ಕೈ ಕಟ್ಟಿ ನಿಂತಳು.

ಹಬೆಯಣ್ಣ ಯಂತ್ರದ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದ. "ಅಕ್ಕಾ, ಗಾಡಿ ಖಾಲಿ ನಿಂತಿದೆ. ಪ್ಯಾಸೆಂಜರ್ ಎಲ್ಲಿ?"

"ಟಿಕೆಟ್ ಮೇಲೆ ಎರಡು ಸಹಿ ಆಗ್ಬೇಕು."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಸ್ಟೂಲನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಕೂತ, ಏನೂ ತಪ್ಪಿಹೋಗದಂತೆ.

ಎಂಟೂವರೆಗೆ ಮೇಲಿನಿಂದ ಫೋನು. ಒಂಬತ್ತಕ್ಕೆ ಇನ್ನೆರಡು. ಪ್ರತಿ ಸಲವೂ ಅವಳದು ಒಂದೇ ಮಾತು. "ತುರ್ತಿನದ್ದು ರೆಡಿ ಇದೆ. ಬೇರೆಯದಕ್ಕೆ ಎದುರೆಣಿಕೆಗೆ ಒಬ್ರು ಬೇಕು." ಮೂರನೆಯ ಫೋನಿನಲ್ಲಿ ಥಿಯೇಟರಿನ ಹೆಡ್ ನರ್ಸ್ ಬೈದರು. ಅವಳು ಪೂರ್ತಿ ಕೇಳಿಸಿಕೊಂಡು, "ಮಂಗಳವಾರ ನಿಮ್ಗೆ ಹನ್ನೊಂದು ಕಳ್ಸಿದ್ದೆ ಸಿಸ್ಟರ್. ಇವತ್ತು ಹನ್ನೆರಡೇ ಕಳ್ಸೋದು," ಎಂದಳು.  "ತಡೀರಿ, ಮ್ಯಾನೇಜರನ್ನೇ ಕೆಳಗೆ ಕಳಿಸ್ತೀನಿ," ಎಂದರು ಹೆಡ್ ನರ್ಸ್.

ಒಂಬತ್ತೂ ಇಪ್ಪತ್ತಕ್ಕೆ ಲಿಫ್ಟಿನ ಬಾಗಿಲು ತೆರೆದು ಮ್ಯಾನೇಜರ್ ಬಂದರು. ಆ ಕೋಣೆಗೆ ಅವರು ಬಂದದ್ದನ್ನು ಹಬೆಯಣ್ಣ ಅದುವರೆಗೆ ಒಮ್ಮೆಯೂ ನೋಡಿರಲಿಲ್ಲ. ಜೇನು ಸವರಿದ ದನಿಯನ್ನು ಮೇಲೆಯೇ ಬಿಟ್ಟು ಬಂದಿದ್ದರು.

"ಏನ್ರೀ ಇದು? ಮುಷ್ಕರ ಮಾಡ್ತಿದ್ದೀರಾ?"

"ಇಲ್ಲ ಸಾರ್. ಕೆಲ್ಸ ಮಾಡ್ತಿದ್ದೀನಿ. ಅರ್ಧ ನನ್ನದು ಆಗಿದೆ, ಇನ್ನರ್ಧಕ್ಕೆ ಜನ ಇಲ್ಲ."

"ಹತ್ತು ಗಂಟೆಗೆ ಆಪರೇಷನ್ ಇದೆ! ನಾಲ್ಕು ತಿಂಗಳು ನೀವೇ ಎರಡೂ ಹಾಕ್ತಿರ್ಲಿಲ್ವಾ?"

"ಹಾಕ್ತಿದ್ದೆ. ಅದೇ ನನ್ನ ತಪ್ಪು. ನನ್ನ ತಪ್ಪು ಅದೊಂದೇ." ಅವಳು ದನಿ ಏರಿಸಲಿಲ್ಲ. ಮನೆಯಲ್ಲಿ ಇಷ್ಟು ವರ್ಷ ಕೂಗಿದವಳಿಗೆ ಎಲ್ಲಿ ಕೂಗಬಾರದು ಎಂದು ಚೆನ್ನಾಗಿ ಗೊತ್ತಿತ್ತು. "ನೀವೇ ಬನ್ನಿ ಸಾರ್. ಕೈ ತೊಳ್ಕೊಳ್ಳಿ, ಟೋಪಿ ಅಲ್ಲಿದೆ. ಹತ್ತು ನಿಮಿಷದ ಕೆಲ್ಸ."

ಮ್ಯಾನೇಜರ್ ಗಡಿಯಾರ ನೋಡಿದರು. ಹಬೆಯಣ್ಣನನ್ನು ನೋಡಿದರು. ಅವನು ಗಂಭೀರವಾಗಿ ಛಾವಣಿ ನೋಡುತ್ತಿದ್ದ. ಬೇರೆ ದಾರಿ ಇರಲಿಲ್ಲ. ಟೈ ಮಡಚಿ ಅಂಗಿಯೊಳಗೆ ತುರುಕಿ, ಕೈ ತೊಳೆದು, ನೀಲಿ ಟೋಪಿ ಹಾಕಿಕೊಂಡು ಮೇಜಿನ ಆಚೆ ಬದಿಗೆ ನಿಂತರು.

"ಒಂದು," ಎಂದಳು ಎಣಿಕೆ ಅಕ್ಕ.

"ಒಂದು."

"ಎರಡು."

"ಎರಡು."

ಅವರು ಬಾಗಿಲ ಕಡೆಗೆ, ಗಡಿಯಾರದ ಕಡೆಗೆ ನೋಡುತ್ತ ಹೇಳುತ್ತಿದ್ದರು. ಕೈ ಮೇಜಿನ ಅಂಚು ಹಿಡಿದಿತ್ತು. ಆರರವರೆಗೆ ಅವಳು ಸುಮ್ಮನಿದ್ದಳು. ಆಮೇಲೆ ಏನನ್ನೂ ಎತ್ತದೆ, ಏನನ್ನೂ ಇಡದೆ, "ಏಳು" ಎಂದಳು.

"ಏಳು," ಎಂದರು ಮ್ಯಾನೇಜರ್.

"ಎಷ್ಟಿದೆ ಸಾರ್, ನೋಡಿ."

ಅವರು ಬಗ್ಗಿ ನೋಡಿದರು. ಬೆರಳಿಟ್ಟು ಎಣಿಸಿದರು. ಆರು. ಕುತ್ತಿಗೆಯಿಂದ ಮೇಲಕ್ಕೆ ಬಣ್ಣ ಏರಿ ಟೋಪಿಯವರೆಗೆ ಹೋಯಿತು.

"ನಿಮ್ಗೂ ವೈಯಕ್ತಿಕ ಕಾರಣ ಏನಾದ್ರೂ ಇದೆಯಾ ಸಾರ್?" ಎಂದಳು ಎಣಿಕೆ ಅಕ್ಕ.

ಹಬೆಯಣ್ಣನಿಗೆ ಕೆಮ್ಮು ಬಂತು, ಸ್ಟೂಲು ಬಿಟ್ಟು ಯಂತ್ರದ ಹಿಂದಕ್ಕೆ ಹೋಗಬೇಕಾಯಿತು.

"ಮುಟ್ಟಿ ಹೇಳ್ಬೇಕು ಸಾರ್. ಬೆರಳಿಂದ. ಮೊದಲಿಂದ. ಒಂದು."

ನಲವತ್ತೆರಡು ಉಪಕರಣ, ಒಂಬತ್ತು ನಿಮಿಷ. ಪ್ರತಿಯೊಂದನ್ನೂ ಅವರು ಮುಟ್ಟಿದರು. ಕೊನೆಗೆ ಚೀಟಿಯ ಎರಡನೆಯ ಚೌಕದಲ್ಲಿ ಜೇಬಿನ ಪೆನ್ನು ತೆಗೆದು ಸಹಿ ಹಾಕಿದರು. ಬೆಳಗಿನ ಸಿಸ್ಟರ್ ಸಹಿ ಬಿಟ್ಟರೆ, ನಾಲ್ಕು ತಿಂಗಳಲ್ಲಿ ಆ ಚೌಕದಲ್ಲಿ ಬಿದ್ದ ಬೇರೆ ಕೈಯ ಬರಹ ಅದೊಂದೇ.

"ಇನ್ನೂ ಹದಿನಾಲ್ಕು ಇದೆ," ಎಂದಳು ಅವಳು.

ಎರಡನೆಯ ಟ್ರೇ ಅರ್ಧಕ್ಕೆ ಬಂದಾಗ ಅವರು "ಒಂದ್ನಿಮಿಷ" ಎಂದು ಗೋಡೆಯ ಫೋನೆತ್ತಿ ಬಟ್ಟೆ ವಿಭಾಗಕ್ಕೆ ಮಾತಾಡಿದರು. ಐದೇ ನಿಮಿಷದಲ್ಲಿ ಚಾದರ ಮಡಿಸುವ ಒಬ್ಬಾಕೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಬಲಗಡೆಯ ಬಾಗಿಲಿನಿಂದ, ಇಪ್ಪತ್ತು ಹೆಜ್ಜೆ ದೂರದಿಂದ.

ಎಣಿಕೆ ಅಕ್ಕ ಫೋನನ್ನು ನೋಡಿದಳು. ಒಂದು ನಿಮಿಷದ ಮಾತು, ಇಪ್ಪತ್ತು ಹೆಜ್ಜೆ. ಇದಕ್ಕೆ ನಾಲ್ಕು ತಿಂಗಳು, ನಾಲ್ಕು ಪತ್ರ, ಒಂದು ಕೆರೆ, ಒಂದು ಹಳದಿ ಚೆಂಡು.  ಗೆದ್ದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಇಷ್ಟು ಸುಲಭವಿತ್ತಲ್ಲ ಎಂಬುದೇ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತು.

ಎಪ್ರನ್ನಿನ ಜೇಬಿನಿಂದ ಆ ಕಾಗದ ತೆಗೆದು ಮ್ಯಾನೇಜರರ ಮುಂದೆ ಹಿಡಿದಳು. 'ವೈಯಕ್ತಿಕ ಕಾರಣಗಳಿಂದ ಉಂಟಾದ ಮಾನಸಿಕ ಒತ್ತಡದಿಂದಾಗಿ' ಎಂಬಷ್ಟನ್ನು ಗೆರೆ ಎಳೆದು ಹೊಡೆದುಹಾಕಿದ್ದಳು. ಅದರ ಮೇಲೆ ತನ್ನ ದುಂಡು ಅಕ್ಷರದಲ್ಲಿ 'ಎದುರೆಣಿಕೆಗೆ ಇನ್ನೊಬ್ಬರನ್ನು ಕೊಡದೆ ಇದ್ದುದರಿಂದ' ಎಂದು ಬರೆದಿದ್ದಳು. ತರಬೇತಿಯ ಸಾಲನ್ನೂ ಕ್ರಮದ ಸಾಲನ್ನೂ ಪೂರ್ತಿ ಹೊಡೆದಿದ್ದಳು. ಕೆಳಗೆ ಅವಳ ಸಹಿ ಇತ್ತು. ಅದರ ಪಕ್ಕದಲ್ಲಿ ಮಗಳ ಅಳತೆಪಟ್ಟಿ ಇಟ್ಟು ನೇರವಾಗಿ ಎಳೆದ ಇನ್ನೊಂದು ಚೌಕ. 'ಒಪ್ಪಿದವರು'.

ಮ್ಯಾನೇಜರ್ ಓದಿದರು. ಟೋಪಿ ತೆಗೆದರು. ಸಹಿ ಹಾಕಲಿಲ್ಲ, ಹರಿಯಲೂ ಇಲ್ಲ. ಮಡಿಸಿ ಜೇಬಿಗೆ ಹಾಕಿಕೊಂಡು ಲಿಫ್ಟಿನ ಕಡೆ ನಡೆದರು. ಟೈಯ ತುದಿ ಇನ್ನೂ ಅಂಗಿಯೊಳಗೇ ಇತ್ತು. ಯಾರೂ ಹೇಳಲಿಲ್ಲ.

ಆ ಕಾಗದ ಏನಾಯಿತೆಂದು ಅವಳಿಗೆ ಇವತ್ತಿಗೂ ತಿಳಿಯದು. ಮಗಳು ಅದರ ಫೋಟೋ ತೆಗೆದಿಟ್ಟಿದ್ದಾಳೆ. ಸೋಮವಾರ ಎಣಿಕೆ ಅಕ್ಕನನ್ನು ಬಟ್ಟೆಯ ಕಡೆಗೆ ಕಳಿಸಲಿಲ್ಲ. ಮಡಿಸುವಾಕೆಯನ್ನು 'ಮುಂದಿನ ಆದೇಶದವರೆಗೆ' ಇಲ್ಲಿಗೆ ಹಾಕಿರುವುದಾಗಿ ಸಿಸ್ಟರ್ ಹೇಳಿದರು. ಆ ಆದೇಶ ಯಾವಾಗ ಬರುತ್ತದೆಂದು ಎಣಿಕೆ ಅಕ್ಕ ಕೇಳಿದಳು. ಸಿಸ್ಟರ್ ಕೈ ಆಡಿಸಿದರು. ಹಳದಿ ಚೆಂಡು ಈಗ ಹಬೆಯಣ್ಣನ ಬಳಿಯಿದೆ. ಯಂತ್ರದ ಬಾಗಿಲು ಬಡಿಯದಂತೆ ಸಂದಿಗೆ ಸಿಕ್ಕಿಸಿದ್ದಾನೆ. ಅದರ ನಗುವ ಮುಖ ದಿನಕ್ಕೆ ಹತ್ತು ಸಲ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ.

ಬಟ್ಟೆಯ ಕಡೆಯಿಂದ ಬಂದ ಹೊಸಬಳು ಚುರುಕಿನವಳು, ಚುರುಕೇ ಅವಳ ದೋಷ. ಮೊದಲ ದಿನ ಎಣಿಕೆ ಅಕ್ಕ "ಒಂದು" ಎಂದು ಕ್ಲ್ಯಾಂಪು ಇಡುವ ಮುಂಚೆಯೇ "ಒಂದು" ಎಂದುಬಿಟ್ಟಳು.

"ಏನು ಮುಟ್ಟಿ ಹೇಳ್ದೆ?"

"ನೀವು ಹೇಳಿದ್ರಲ್ಲ ಅಕ್ಕಾ."

"ನಾನು ಹೇಳೋದು ನಂಬೋಕೆ ನಿನ್ನ ಇಲ್ಲಿ ನಿಲ್ಸಿಲ್ಲ," ಎಂದಳು ಎಣಿಕೆ ಅಕ್ಕ. ಅವಳ ದನಿಯಲ್ಲಿ ಕೋಪ ಇತ್ತು. ಕೈಯಲ್ಲಿ ಇರಲಿಲ್ಲ. ಹೊಸಬಳ ತೋರುಬೆರಳು ಹಿಡಿದು ಕ್ಲ್ಯಾಂಪಿನ ತಣ್ಣನೆಯ ಕೀಲಿನ ಮೇಲೆ ಒತ್ತಿದಳು.

"ಈಗ ಹೇಳು."